ಸಿಯಾಚಿನ್: ಚಕ್ಕುಬಂದಿ ಬರೆಯದೆ ಬಿಟ್ಟ ಬೆಟ್ಟ

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರು ಎರೆ ಮಣ್ಣಿನ ಸೀಮೆಯ ಊರು. ಮಟ್ಟಸ ನೆಲ, ಹತ್ತಿ, ಮೆಣಸಿನಕಾಯಿ. ಆ ಊರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದಲ್ಲಿ, ಸಿಯಾಚಿನ್‌ನ ಸೋನಮ್ ಪೋಸ್ಟ್‌ನಲ್ಲಿ ಕಾವಲಿಗಿದ್ದರು. ಆ ದಿನ ಹಿಮದ ದೊಡ್ಡ ಗೋಡೆಯೊಂದು ಪೋಸ್ಟ್ ಮೇಲೆ ಕುಸಿಯಿತು. 19ನೇ ಮದ್ರಾಸ್ ಬೆಟಾಲಿಯನ್‌ನ 10 ಜನ ಅದರಡಿ ಸಿಕ್ಕಿಕೊಂಡರು. ಅವರಲ್ಲಿ ಮೂವರು ಕರ್ನಾಟಕದವರು: ಧಾರವಾಡ, ಹಾಸನ, ಮೈಸೂರು ಜಿಲ್ಲೆಗಳಿಂದ ಒಬ್ಬೊಬ್ಬರು.

ಕಾಂಕ್ರೀಟಿನಷ್ಟು ಗಟ್ಟಿಯಾದ ಮಂಜುಗಡ್ಡೆಯನ್ನು ಕೊರೆದು, ಗರಗಸದಲ್ಲಿ ಕತ್ತರಿಸಿ, ನಾಯಿಗಳ ಮೂಗನ್ನು ನಂಬಿ ಹುಡುಕಿದರು. 6ನೇ ದಿನ, 25 ಅಡಿಗಿಂತ ಆಳದಲ್ಲಿ, ಹನುಮಂತಪ್ಪ ಉಸಿರಾಡುತ್ತಿದ್ದರು. ಅವರನ್ನು ದೆಹಲಿಗೆ ತಂದರು. ಇಡೀ ರಾಜ್ಯ ದೇವರಿಗೆ ಹರಕೆ ಹೊತ್ತಿತು. ಫೆಬ್ರುವರಿ 11ರಂದು ಅವರು ತೀರಿಕೊಂಡರು.

ಆ ವಾರ ನಮ್ಮ ಮನೆಯಲ್ಲಿ ಟೀವಿ ಆರಲೇ ಇಲ್ಲ. ನಮ್ಮವ್ವ ಒಂದೇ ಮಾತು ಕೇಳುತ್ತಿದ್ದಳು: 'ಅಲ್ಲೇನು ಯಾರದರ ಹೊಲ ಐತೇನು, ಕಾಯಾಕ?' ನನಗೆ ಆಗ ಉತ್ತರ ಕೊಡಲಾಗಲಿಲ್ಲ. ದೇಶ, ಗಡಿ, ಶತ್ರು ಅಂತ ಏನೋ ಹೇಳಿದೆ. ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಹುಲ್ಲು ಕೂಡ ಬೆಳೆಯದ ಜಾಗಕ್ಕೆ ಎರಡು ದೇಶಗಳು 1984ರಿಂದ ಯಾಕೆ ಕಾವಲು ನಿಂತಿವೆ? ಆಮೇಲೆ ಕೂತು ನಕಾಶೆ ನೋಡಿದೆ, ಓದಿದೆ. ಈ ಬರಹ ಅವ್ವನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ.

ಬದುವಿನ ಜಗಳ

ಜಮೀನಿನ ಪತ್ರ ನೋಡಿದವರಿಗೆ ಚಕ್ಕುಬಂದಿ ಗೊತ್ತಿರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಗೋಮಾಳ. ನಾಲ್ಕರಲ್ಲಿ ಒಂದು ದಿಕ್ಕನ್ನು ಸರಿಯಾಗಿ ಬರೆಯದೆ ಬಿಟ್ಟರೆ ಏನಾಗುತ್ತದೆ ಅಂತ ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಅಪ್ಪನ ಕಾಲಕ್ಕೆ ಏನೂ ಆಗುವುದಿಲ್ಲ. ಮಕ್ಕಳ ಕಾಲಕ್ಕೆ ಕೋರ್ಟು.

ಸಿಯಾಚಿನ್‌ನಲ್ಲಿ ಆಗಿದ್ದು ಇದೇ. ಮೊದಲ ಕಾಶ್ಮೀರ ಯುದ್ಧ ನಿಂತ ಮೇಲೆ 1949ರ ಜುಲೈ 27ರಂದು ಕರಾಚಿಯಲ್ಲಿ ಭಾರತ, ಪಾಕಿಸ್ತಾನದ ಸೇನಾ ಅಧಿಕಾರಿಗಳು ವಿಶ್ವಸಂಸ್ಥೆಯ ನೆರವಿನಲ್ಲಿ ಕದನ ವಿರಾಮ ರೇಖೆ ಎಳೆದರು. ದಕ್ಷಿಣದಿಂದ ಹಳ್ಳಿ, ಹಳ್ಳ, ಬೆಟ್ಟ ಹೆಸರಿಸುತ್ತ ಉತ್ತರಕ್ಕೆ ಬಂದರು. ಕೊನೆಯ ಬಿಂದುವಿಗೆ ಹೆಸರೇ ಇರಲಿಲ್ಲ. ನಕಾಶೆಯ ಚೌಕದ ಸಂಖ್ಯೆಯೇ ಅದರ ಹೆಸರಾಯಿತು: ಎನ್‌ಜೆ 9842. ಅಲ್ಲಿಂದ ಮುಂದೆ ರೇಖೆ 'ಉತ್ತರಕ್ಕೆ, ಹಿಮನದಿಗಳ ಕಡೆಗೆ' ಹೋಗುತ್ತದೆ ಅಂತ ಬರೆದು ಪೆನ್ನು ಕೆಳಗಿಟ್ಟರು. ಅಲ್ಲಿಂದ ಚೀನಾ ಕಡೆಯ ಗಡಿಯವರೆಗೆ ಹತ್ತಾರು ಕಿಲೋಮೀಟರ್ ಜಾಗಕ್ಕೆ ಚಕ್ಕುಬಂದಿ ಇಲ್ಲ. ಅಲ್ಲಿಗೆ ಯಾರು ಹೋಗುತ್ತಾರೆ, ಹೋಗಿ ಏನು ಮಾಡುತ್ತಾರೆ ಅಂದುಕೊಂಡರೋ ಏನೋ. ಆ ಕಾಲಕ್ಕೆ ಅದು ತೀರಾ ತಪ್ಪು ಲೆಕ್ಕವೂ ಅಲ್ಲ.

ಸರಿಪಡಿಸಲು ಒಂದು ಅವಕಾಶ ಸಿಕ್ಕಿತ್ತು. 1971ರ ಯುದ್ಧದ ನಂತರ 1972ರ ಜುಲೈನಲ್ಲಿ ಶಿಮ್ಲಾ ಒಪ್ಪಂದವಾಯಿತು. ಅದೇ ಡಿಸೆಂಬರ್‌ನಲ್ಲಿ ಸುಚೇತ್‌ಗಢದಲ್ಲಿ ನಿಯಂತ್ರಣ ರೇಖೆಯ ನಕಾಶೆಗಳಿಗೆ ಸಹಿ ಬಿತ್ತು. ಆದರೆ ಅದೂ ಎನ್‌ಜೆ 9842ಕ್ಕೇ ನಿಂತಿತು. ಎರಡನೇ ಸಲವೂ ಆ ಕೊನೆಯ ದಿಕ್ಕನ್ನು ಬರೆಯದೆ ಬಿಟ್ಟಿದ್ದೇ ನನ್ನ ಪ್ರಕಾರ ಈ ಇಡೀ ಪ್ರಕರಣದ ದೊಡ್ಡ ತಪ್ಪು. 1949ರವರಿಗೆ ಮುಂದೇನಾಗುತ್ತದೆ ಅಂತ ಗೊತ್ತಿರಲಿಲ್ಲ. 1972ರ ಹೊತ್ತಿಗೆ ಗೊತ್ತಿರಬೇಕಿತ್ತು. ಯಾಕೆಂದರೆ ಅಷ್ಟರಲ್ಲಿ ಪಾಕಿಸ್ತಾನ ಇದೇ ಬೆಟ್ಟಗಳ ಉತ್ತರಕ್ಕಿರುವ ಶಕ್ಸ್‌ಗಾಮ್ ಕಣಿವೆಯನ್ನು 1963ರ ಒಪ್ಪಂದದಲ್ಲಿ ಚೀನಾಗೆ ಬಿಟ್ಟುಕೊಟ್ಟಿತ್ತು. ಸುಮಾರು 5,180 ಚದರ ಕಿಲೋಮೀಟರ್. ಬೆಲೆ ಇಲ್ಲದ ಜಾಗ ಅಂದುಕೊಂಡಿದ್ದರ ಮೇಲೂ ಕಾಗದ ಪತ್ರ ನಡೆಯುತ್ತದೆ ಅಂತ ಅದರಿಂದಲೇ ತಿಳಿಯುತ್ತಿತ್ತು, ಅಲ್ವಾ?

'ಉತ್ತರಕ್ಕೆ' ಅನ್ನುವ ಒಂದು ಪದವನ್ನು ಎರಡು ದೇಶಗಳು ಎರಡು ರೀತಿ ಓದಿದವು. ಭಾರತದ ಪ್ರಕಾರ ರೇಖೆ ಬೆಟ್ಟದ ಏಣನ್ನೇ ಹಿಡಿದು, ನೀರು ಎರಡು ಕಡೆಗೆ ಹರಿದು ಹೋಗುವ ಜಾಗದ ಮೇಲೆ ಹೋಗಬೇಕು. ಆ ಏಣೇ ಸಾಲ್ಟೊರೊ. ಅದು ಉತ್ತರಕ್ಕೆ ಹೋಗಿ ಇಂದಿರಾ ಕೋಲ್ ಅನ್ನುವ ಬೆಟ್ಟದ ತಗ್ಗಿನ ಹತ್ತಿರ ಮುಟ್ಟುತ್ತದೆ. (ಈ ಹೆಸರು ಇಂದಿರಾ ಗಾಂಧಿಯವರಿಂದ ಬಂದಿದ್ದು ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. 1912ರಲ್ಲಿ ಇಲ್ಲಿಗೆ ಬಂದಿದ್ದ ಅಮೆರಿಕದ ಪರ್ವತಾರೋಹಿ ಫ್ಯಾನಿ ಬುಲ್ಲಕ್ ವರ್ಕ್‌ಮನ್ ಲಕ್ಷ್ಮಿಯ ಹೆಸರಿಟ್ಟರು.) ಪಾಕಿಸ್ತಾನದ ಪ್ರಕಾರ ರೇಖೆ ಎನ್‌ಜೆ 9842ರಿಂದ ಓರೆಯಾಗಿ ಈಶಾನ್ಯಕ್ಕೆ ಹೋಗಿ ಕಾರಾಕೋರಂ ಪಾಸ್ ಮುಟ್ಟಬೇಕು. ಈ ಎರಡು ಗೆರೆಗಳ ನಡುವೆ ಒಂದು ತ್ರಿಕೋನ ಸಿಗುತ್ತದೆ. ಆ ತ್ರಿಕೋನದಲ್ಲಿ ಸುಮಾರು 76 ಕಿಲೋಮೀಟರ್ ಉದ್ದದ ಸಿಯಾಚಿನ್ ಹಿಮನದಿ ಮಲಗಿದೆ.

ನಕಾಶೆ, ಹಗ್ಗ, ಬೂಟು

ಜಗಳಕ್ಕೆ ಮೊದಲು ಬಂದವರು ಸೈನಿಕರಲ್ಲ, ಬೆಟ್ಟ ಹತ್ತುವವರು. 1970ರ ದಶಕದಲ್ಲಿ ವಿದೇಶಿ ಪರ್ವತಾರೋಹಣ ತಂಡಗಳು ಪಾಕಿಸ್ತಾನದ ಅನುಮತಿ ಪಡೆದು ಪಶ್ಚಿಮದ ಕಡೆಯಿಂದ ಈ ಶಿಖರಗಳಿಗೆ ಬರತೊಡಗಿದವು. ಅದೇ ಹೊತ್ತಿಗೆ ಅಮೆರಿಕದಲ್ಲಿ ಅಚ್ಚಾದ ಕೆಲವು ನಕಾಶೆಗಳು ಎನ್‌ಜೆ 9842ರಿಂದ ಕಾರಾಕೋರಂ ಪಾಸ್‌ಗೆ ಒಂದು ಗೆರೆ ತೋರಿಸಿದವು. ಯಾರೂ ಒಪ್ಪದ ಗೆರೆ. ಆದರೆ ಅಚ್ಚಾದ ಗೆರೆಗೆ ತನ್ನದೇ ತೂಕ ಬಂದುಬಿಡುತ್ತದೆ. ಹತ್ತು ವರ್ಷ ನೀವು ಅನುಮತಿ ಚೀಟಿ ಕೊಡುತ್ತ ಬಂದರೆ, ಹನ್ನೊಂದನೇ ವರ್ಷ ಅದು ನಿಮ್ಮ ಹೊಲ ಅನ್ನಿಸತೊಡಗುತ್ತದೆ.

ಇದನ್ನು ಗಮನಿಸಿದವರು ಭಾರತೀಯ ಸೇನೆಯ ಕರ್ನಲ್ ನರೇಂದ್ರ ಕುಮಾರ್. ಎಲ್ಲರೂ ಕರೆಯುತ್ತಿದ್ದುದು 'ಬುಲ್' ಕುಮಾರ್ ಅಂತ. ಹಿಂದಿನ ಒಂದು ಚಾರಣದಲ್ಲಿ ಹಿಮಗಾಯದಿಂದ ಕಾಲ್ಬೆರಳು ಕಳೆದುಕೊಂಡಿದ್ದ ಮನುಷ್ಯ. ಒಬ್ಬ ಜರ್ಮನ್ ಸಾಹಸಿಯ ಕೈಯಲ್ಲಿದ್ದ ನಕಾಶೆಯ ಮೇಲೆ ಆ ತಪ್ಪು ಗೆರೆ ಅವರ ಕಣ್ಣಿಗೆ ಬಿತ್ತು. 1978ರಲ್ಲಿ ತಂಡ ಕಟ್ಟಿಕೊಂಡು ಹಿಮನದಿಯ ಮೇಲೆ ಹೋದರು. ವಿದೇಶಿ ತಂಡಗಳು ಬಿಟ್ಟುಹೋದ ಡಬ್ಬಿ, ಚೀಟಿ ಅಲ್ಲಿ ಸಿಕ್ಕವು. 1981ರಲ್ಲಿ ಮತ್ತೆ ಹೋಗಿ ಹಿಮನದಿಯ ಉದ್ದಕ್ಕೂ ನಡೆದು ಇಂದಿರಾ ಕೋಲ್ ತನಕ ತಲುಪಿದರು. ಅವರು ತಂದ ವರದಿ, ಫೋಟೋಗಳೇ ಮುಂದಿನದಕ್ಕೆಲ್ಲ ಬುನಾದಿ. 2020ರ ಡಿಸೆಂಬರ್ 31ರಂದು ಅವರು ತೀರಿಕೊಂಡರು. ಹಿಮನದಿಯ ಮೇಲಿನ ಕುಮಾರ್ ಪೋಸ್ಟ್ ಅವರದೇ ಹೆಸರು.

1983ರ ಹೊತ್ತಿಗೆ ಎರಡೂ ಕಡೆ ಅನುಮಾನ ಗಟ್ಟಿಯಾಗಿತ್ತು. ಪಾಕಿಸ್ತಾನ ಲಂಡನ್ನಿನ ಒಂದು ಅಂಗಡಿಯಲ್ಲಿ ಹಿಮದ ಉಡುಪು ಕೊಳ್ಳಲು ಹೋದಾಗ ಸುದ್ದಿ ಭಾರತಕ್ಕೆ ಮುಟ್ಟಿತು, ಯಾಕೆಂದರೆ ಭಾರತಕ್ಕೂ ಅದೇ ಅಂಗಡಿಯವನು ಸಾಮಾನು ಕೊಡುತ್ತಿದ್ದ ಅಂತ ಆ ಕಾಲದ ಸೇನಾ ಹಿರಿಯರು ಹೇಳುತ್ತಾರೆ. ಯಾರು ಮೊದಲು ಏಣು ಹತ್ತುತ್ತಾರೆ ಅನ್ನುವುದಷ್ಟೇ ಉಳಿದಿತ್ತು.

1984ರ ಏಪ್ರಿಲ್ 13, ಬೈಸಾಖಿ ಹಬ್ಬದ ದಿನ. ಬೆಳಿಗ್ಗೆ 5.30ರ ಸುಮಾರಿಗೆ ಒಂದು ಚೀತಾ ಹೆಲಿಕಾಪ್ಟರ್ ಮೇಲೆದ್ದಿತು. ಒಳಗೆ ಕುಮಾವ್ ರೆಜಿಮೆಂಟಿನ ಕ್ಯಾಪ್ಟನ್ ಸಂಜಯ್ ಕುಲಕರ್ಣಿ, ಜೊತೆಗೆ ಇನ್ನೊಬ್ಬ ಯೋಧ. ಆ ಎತ್ತರದ ತೆಳು ಗಾಳಿಯಲ್ಲಿ ಚೀತಾ ಹೊರಬಲ್ಲದ್ದೇ ಅಷ್ಟು: ಒಂದು ಸಲಕ್ಕೆ ಇಬ್ಬರು. ಮಧ್ಯಾಹ್ನದೊಳಗೆ 17 ಸುತ್ತು ಹಾಕಿ, 29 ಜನರ ತುಕಡಿಯನ್ನು ಸುಮಾರು 18,000 ಅಡಿ ಎತ್ತರದ ಬಿಲಾಫೊಂಡ್ ಲಾ ಅನ್ನುವ ಕಣಿವೆ ಬಾಯಿಯ ಮೇಲೆ ಇಳಿಸಿದರು. ಆ ಚೀತಾಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ಇದನ್ನು ಓದಿದಾಗ ನನಗೆ ಮೈ ಜುಮ್ ಅಂದಿತು. ಕಾರ್ಖಾನೆ ಇರುವ ಊರು 3,000 ಅಡಿ ಎತ್ತರದಲ್ಲಿ, ಯಂತ್ರ ಜನರನ್ನು ಇಳಿಸಿದ್ದು 18,000 ಅಡಿಯಲ್ಲಿ.

ಕೊನೆಯ ಸುತ್ತು ಮುಗಿಯುತ್ತಿದ್ದಂತೆ ಹವಾಮಾನ ಮುಚ್ಚಿಕೊಂಡಿತು. ಮೂರು ದಿನ ಆ ತುಕಡಿಗೂ ಕೆಳಗಿನವರಿಗೂ ಸಂಪರ್ಕವೇ ಇಲ್ಲ. 17ರಂದು ಮೋಡ ತಿಳಿಯಾದ ಮೇಲೆ ಇನ್ನೊಂದು ಕಣಿವೆ ಬಾಯಿ ಸಿಯಾ ಲಾಗೂ ಜನರನ್ನು ಇಳಿಸಿದರು. ಪಾಕಿಸ್ತಾನದ ತಂಡ ಬರುವ ಹೊತ್ತಿಗೆ ಮೇಲೆ ಭಾರತದವರು ಕೂತಾಗಿತ್ತು. ಕಾರ್ಯಾಚರಣೆಯ ಹೆಸರು ಮೇಘದೂತ್.

ಮಾಡಿನ ಏಣು

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಈ ಜಗಳದ ಗುಟ್ಟೆಲ್ಲ ನೆಲದ ಆಕಾರದಲ್ಲಿದೆ.

ಹಂಚಿನ ಮನೆಯ ಮಾಡನ್ನು ನೆನೆಸಿಕೊಳ್ಳಿ. ಮಧ್ಯದಲ್ಲಿ ಏಣು, ಎರಡೂ ಕಡೆ ಇಳಿಜಾರು. ಸಾಲ್ಟೊರೊ ಆ ಏಣು. ಅದರ ಎತ್ತರದ ಶಿಖರ ಸಾಲ್ಟೊರೊ ಕಾಂಗ್ರಿ 7,742 ಮೀಟರ್. ಪೂರ್ವದ ಇಳಿಜಾರಿನ ಕೆಳಗೆ ಸಿಯಾಚಿನ್. ಅದು ಕರಗಿ ನುಬ್ರಾ ನದಿಯಾಗಿ ಶ್ಯೋಕ್ ಸೇರುತ್ತದೆ. ಪಶ್ಚಿಮದ ಇಳಿಜಾರಿನಲ್ಲಿ ಬಿಲಾಫೊಂಡ್‌ನಂಥ ಚಿಕ್ಕ ಹಿಮನದಿಗಳು. ಅವು ಕರಗಿ ಸಾಲ್ಟೊರೊ ನದಿಯಾಗಿ, ಬಾಲ್ಟಿಸ್ತಾನದ ಖಪ್ಲು ಹತ್ತಿರ ಅದೇ ಶ್ಯೋಕ್ ಸೇರುತ್ತವೆ. ಏಣಿನ ಎರಡೂ ಕಡೆಯ ನೀರು ಕೊನೆಗೆ ಒಂದೇ ನದಿಗೆ ಬಂದು ಸಿಂಧುವಿಗೆ ಹೋಗುತ್ತದೆ.

ಏಣಿನ ಮೇಲೆ ಕೂತವನಿಗೆ ಎರಡೂ ಕಡೆ ಕಾಣುತ್ತದೆ. ಕೆಳಗಿನವನು ಎದ್ದರೆ, ನಡೆದರೆ, ಸಾಮಾನು ಹೊತ್ತರೆ ಗೊತ್ತಾಗುತ್ತದೆ. ಕೆಳಗಿನಿಂದ ಮೇಲೆ ಹತ್ತಿ ದಾಳಿ ಮಾಡುವವನಿಗೆ ಮಂಜಿನ ಗೋಡೆ ಎದುರು, ಉಸಿರಿಗೆ ಗಾಳಿ ಇಲ್ಲ, ಅವಿತುಕೊಳ್ಳಲು ಒಂದು ಪೊದೆಯೂ ಇಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುವ ಎತ್ತರದಲ್ಲಿ ಮೇಲೆ ನಾಲ್ಕು ಜನ ಇದ್ದರೂ ಕೆಳಗಿನ ನಲವತ್ತು ಜನರನ್ನು ತಡೆಯಬಹುದು. ಒಮ್ಮೆ ಮೇಲೆ ಹೋದವನನ್ನು ಇಳಿಸುವುದು ಅಷ್ಟು ಕಷ್ಟ.

ಕಷ್ಟ ಅಂದರೆ ಆಗುವುದೇ ಇಲ್ಲ ಅಂತಲ್ಲ. ಎಷ್ಟು ಕಷ್ಟ ಅನ್ನುವುದಕ್ಕೆ 1987 ಸಾಕ್ಷಿ. ಪಾಕಿಸ್ತಾನ 21,000 ಅಡಿಯ ಮೇಲೆ, ಬಿಲಾಫೊಂಡ್ ಲಾ ಪಕ್ಕದ ಒಂದು ತುದಿಯಲ್ಲಿ ಕಾಯಿದ್ ಅನ್ನುವ ಪೋಸ್ಟ್ ಹಾಕಿತು. ಆ ಒಂದೇ ತುದಿಯಿಂದ ಭಾರತದ ಪೋಸ್ಟ್‌ಗಳು, ಅಲ್ಲಿಗೆ ಸಾಮಾನು ತರುವ ಹೆಲಿಕಾಪ್ಟರ್‌ಗಳು ಗುಂಡಿನ ಅಳತೆಗೆ ಸಿಗುತ್ತಿದ್ದವು. ಮೇ ತಿಂಗಳಲ್ಲಿ ದಾರಿ ಹುಡುಕಲು ಹೋದ ಸೆಕೆಂಡ್ ಲೆಫ್ಟಿನೆಂಟ್ ರಾಜೀವ್ ಪಾಂಡೆಯವರ ತಂಡ ಮಂಜಿನ ಗೋಡೆಗೆ ಹಗ್ಗ ಕಟ್ಟಿತು, ಆದರೆ ಪಾಂಡೆ ವಾಪಸ್ ಬರಲಿಲ್ಲ. ಮುಂದಿನ ಕಾರ್ಯಾಚರಣೆಗೆ ಅವರದೇ ಹೆಸರಿಟ್ಟರು. ಜೂನ್ 26ರಂದು ನಾಯಬ್ ಸುಬೇದಾರ್ ಬಾನಾ ಸಿಂಗ್ ಕೆಲವೇ ಜನರ ಜೊತೆ, ಹಿಮಗಾಳಿಯ ನಡುವೆ ಆ ಕಡಿದಾದ ಗೋಡೆ ಹತ್ತಿ ಪೋಸ್ಟ್ ಹಿಡಿದರು. ಅವರಿಗೆ ಪರಮವೀರ ಚಕ್ರ ಬಂತು, ಜಾಗಕ್ಕೆ ಬಾನಾ ಟಾಪ್ ಅನ್ನುವ ಹೆಸರು ಬಂತು. ಒಂದು ಬಂಕರ್‌ಗೆ ಇಷ್ಟು ಬೆಲೆ.

ಆದರೆ ಇದೇ ನೆಲ ಗೆದ್ದವನಿಂದಲೂ ಬೆಲೆ ವಸೂಲಿ ಮಾಡುತ್ತದೆ. ಯುದ್ಧದ ಬಗ್ಗೆ ಮಾತಾಡುವಾಗ ನಾವು ಈ ಭಾಗವನ್ನು ಮರೆಯುತ್ತೇವೆ. ಪಶ್ಚಿಮದ ಕಡೆ ಪಾಕಿಸ್ತಾನದವರು ಹೆಚ್ಚಾಗಿ ಕೆಳಗಿದ್ದಾರೆ, ಆದರೆ ಅವರ ಹಿಂದೆ ರಸ್ತೆ ಹತ್ತಿರ ಇದೆ. ಭಾರತದವರು ಮೇಲಿದ್ದಾರೆ, ಆದರೆ ಅವರ ಹಿಂದೆ ಉದ್ದುದ್ದ ಹಿಮನದಿ. ಲೇಹ್‌ನಿಂದ ಖರ್ದುಂಗ್ ಲಾ ದಾಟಿ ನುಬ್ರಾ ಕಣಿವೆಗೆ ಇಳಿದು, ಬೇಸ್ ಕ್ಯಾಂಪ್ ಮುಟ್ಟಿ, ಅಲ್ಲಿಂದ ಮುಂದೆ ಕಾಲ್ನಡಿಗೆ, ಸ್ನೋ ಸ್ಕೂಟರ್, ಹೆಲಿಕಾಪ್ಟರ್. ಬೆಂಗಳೂರಿನಿಂದ ಬೈಕಿನಲ್ಲಿ ಹೋದವರು ಖರ್ದುಂಗ್ ಲಾ ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದು ಈ ಸಾಮಾನಿನ ದಾರಿ. ಪ್ರವಾಸಿಗರಿಗೆ ತಲೆನೋವು ಶುರುವಾಗುವ ಆ ಜಾಗದ ನಿಜವಾದ ಎತ್ತರ ಸುಮಾರು 17,600 ಅಡಿ. ಪೋಸ್ಟ್‌ಗಳು ಹಲವು ಅದಕ್ಕಿಂತ ಮೇಲಿವೆ.

1999ರ ಕಾರ್ಗಿಲ್ ಯುದ್ಧವನ್ನೂ ಈ ದಾರಿಯ ಕಣ್ಣಿನಿಂದಲೇ ನೋಡಬೇಕು. ಶ್ರೀನಗರ–ಲೇಹ್ ಹೆದ್ದಾರಿ ಕಾಣುವ ಎತ್ತರಗಳನ್ನು ಪಾಕಿಸ್ತಾನ ಹಿಡಿದುಕೊಂಡಿದ್ದು ಸುಮ್ನೆ ಅಲ್ಲ. ಆ ರಸ್ತೆ ಕತ್ತರಿಸಿದರೆ ಲೇಹ್ ಒಣಗುತ್ತದೆ, ಲೇಹ್ ಒಣಗಿದರೆ ಸಿಯಾಚಿನ್ ಒಣಗುತ್ತದೆ. ಸಾಲ್ಟೊರೊ ಏಣನ್ನು ಎದುರಿನಿಂದ ಹತ್ತಲಾಗದವರು ಅದರ ಬುಡಕ್ಕೆ ಕೈ ಹಾಕಿದರು.

ಒಂದು ಡಬ್ಬಿ ಸೀಮೆಎಣ್ಣೆ

ಸಿಯಾಚಿನ್ ಅಂದರೆ ಬಾಲ್ಟಿ ಭಾಷೆಯಲ್ಲಿ ಕಾಡುಗುಲಾಬಿ ಹೇರಳವಾಗಿರುವ ಜಾಗ. ಕೆಳಗಿನ ಕಣಿವೆಯಲ್ಲಿ ಆ ಗುಲಾಬಿ ಇದೆ. ಮೇಲೆ ಇರುವುದು ಬಿಳುಪು ಒಂದೇ.

ಮೇಲೆ ಹೋಗುವ ಯೋಧನನ್ನು ನೇರವಾಗಿ ಕಳಿಸುವುದಿಲ್ಲ. 9,000ದಿಂದ 12,000 ಅಡಿಯಲ್ಲಿ 6 ದಿನ, ಅಲ್ಲಿಂದ 15,000 ಅಡಿವರೆಗೆ 4 ದಿನ, ಅದರ ಮೇಲೆ ಮತ್ತೆ 4 ದಿನ ಮೈ ಒಗ್ಗಿಸಬೇಕು. ಇಲ್ಲದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಇಲ್ಲವೇ ಮಿದುಳು ಊದಿಕೊಳ್ಳುತ್ತದೆ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗ ಕೆಲವೇ ಗಂಟೆಗಳಲ್ಲಿ ಹೋಗಿಬಿಡಬಹುದು. ಆಮೇಲೆ ಬೇಸ್ ಕ್ಯಾಂಪಿನ ಓಪಿ ಬಾಬಾ ಗುಡಿಗೆ ಹೋಗಿ ನಮಸ್ಕಾರ ಹಾಕಿ ಹೊರಡುತ್ತಾರೆ. ಒಂದು ಪೋಸ್ಟನ್ನು ಒಬ್ಬನೇ ಕಾಪಾಡಿದ ಓಂ ಪ್ರಕಾಶ್ ಅನ್ನುವ ಯೋಧ ಈಗಲೂ ಕಾಯುತ್ತಾನೆ ಅಂತ ನಂಬಿಕೆ. ಹೋಗುವಾಗಲೂ ಬಂದ ಮೇಲೂ ಬಾಬಾಗೆ ವರದಿ ಒಪ್ಪಿಸುವುದು ಅಲ್ಲಿನ ರೂಢಿ. ನಮ್ಮ ಊರಲ್ಲಿ ಸೀಮೆ ದಾಟುವಾಗ ಗಡಿಯ ದೇವರಿಗೆ ಕಾಯಿ ಒಡೆಯುವುದಿಲ್ಲವೇ, ಹಾಗೆ.

ನಡೆಯುವಾಗ ಎಲ್ಲರೂ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಳ್ಳುತ್ತಾರೆ. ಹೊಸ ಹಿಮ ಮುಚ್ಚಿದ ಬಿರುಕಿನ ಮೇಲೆ ಕಾಲಿಟ್ಟರೆ ನೂರಾರು ಅಡಿ ಕೆಳಗೆ. ಒಬ್ಬ ಬಿದ್ದರೆ ಉಳಿದವರು ಎಳೆಯಬೇಕು. ಬಿಸಿಲು ಏರಿದರೆ ಹಿಮ ಸಡಿಲಾಗಿ ಕುಸಿಯುತ್ತದೆ, ಹಾಗಾಗಿ ಕತ್ತಲಲ್ಲೇ ಹೊರಡುತ್ತಾರೆ.

ಪೋಸ್ಟ್‌ನಲ್ಲಿ ಬದುಕು ಸೀಮೆಎಣ್ಣೆಯ ಮೇಲೆ ನಿಂತಿದೆ. ಸುತ್ತ ಎಲ್ಲಿ ನೋಡಿದರೂ ನೀರೇ, ಆದರೆ ಕುಡಿಯಲು ಒಂದು ಲೋಟ ಬೇಕೆಂದರೆ ಮಂಜು ಕಡಿದು ತಂದು ಸ್ಟವ್ ಮೇಲೆ ಕರಗಿಸಬೇಕು. ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ. ಮೊಟ್ಟೆ ಕಲ್ಲಾಗುತ್ತದೆ, ಕಿತ್ತಳೆ ಕ್ರಿಕೆಟ್ ಚೆಂಡಾಗುತ್ತದೆ. ಬರಿಗೈಯಲ್ಲಿ ಬಂದೂಕಿನ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ, ಜಾಸ್ತಿ ಹೊತ್ತಾದರೆ ಬೆರಳೇ ಹೋಗುತ್ತದೆ. ಚಿಕ್ಕ ಗೂಡಿನೊಳಗೆ ಸ್ಟವ್ ಹೊಗೆ ಕುಡಿದು ಉಗುಳೂ ಕರ್ರಗಾಗುತ್ತದೆ. ಸುಮಾರು 90 ದಿನ ಹೀಗೆ. ಹಸಿವು ಸತ್ತುಹೋಗುವ ಆ ಎತ್ತರದಲ್ಲಿ ಏನನ್ನಾದರೂ ತಿನ್ನಿಸುವುದು ಹೇಗೆ ಅಂತ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಬಿಸಿನೀರು ಹಾಕಿದರೆ ಸಿದ್ಧವಾಗುವ ಪೊಟ್ಟಣದ ಊಟದ ಹಿಂದೆ ಅವರ ಕೆಲಸ ಇದೆ.

1984ರಿಂದ 2015ರ ಕೊನೆಯವರೆಗೆ ಸಿಯಾಚಿನ್‌ನಲ್ಲಿ 869 ಭಾರತೀಯ ಯೋಧರು ತೀರಿಕೊಂಡರು. ಗುಂಡಿಗಿಂತ ಚಳಿ, ಎತ್ತರ, ಹಿಮಕುಸಿತಕ್ಕೆ ಸತ್ತವರೇ ಜಾಸ್ತಿ. ಆಚೆ ಕಡೆಯೂ ಇದೇ ಕಥೆ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಪಾಕಿಸ್ತಾನದ ಒಂದು ಇಡೀ ಬೆಟಾಲಿಯನ್ ಕೇಂದ್ರದ ಮೇಲೆ ಬೆಟ್ಟ ಜಾರಿತು. 140 ಜನ. ಅವರಲ್ಲಿ 11 ಜನ ಸೈನಿಕರೂ ಅಲ್ಲ. ಅದು ಪೋಸ್ಟ್‌ಗಳಿಗಿಂತ ಎಷ್ಟೋ ಕೆಳಗಿನ, ಸುರಕ್ಷಿತ ಅಂದುಕೊಂಡಿದ್ದ ಜಾಗ. ಆ ಸುದ್ದಿಯ ಫೋಟೋಗಳಲ್ಲಿ ಹಿಮ ಬಗೆಯುವ ಜೆಸಿಬಿಗಳನ್ನು ನೋಡಿದ್ದು ನನಗಿನ್ನೂ ನೆನಪಿದೆ. ಅಲ್ಲೂ ಯಾವುದೋ ಬಾಲ್ಟಿ ಹಳ್ಳಿಯಲ್ಲಿ ಯಾರದೋ ಅವ್ವ ಇದೇ ಪ್ರಶ್ನೆ ಕೇಳಿರುತ್ತಾಳೆ.

ಹಾಗಿದ್ದರೆ ಇಳಿಯಬಾರದೇ?

ಇಳಿಯುವ ಮಾತು ನಡೆದಿಲ್ಲ ಅಂತಲ್ಲ. 1986ರಿಂದ ಎರಡೂ ದೇಶಗಳ ರಕ್ಷಣಾ ಕಾರ್ಯದರ್ಶಿಗಳು ಕೂತು ಮಾತಾಡಿದ್ದಾರೆ. 1989ರ ಜೂನ್‌ನಲ್ಲಿ, ರಾಜೀವ್ ಗಾಂಧಿ, ಬೆನಜೀರ್ ಭುಟ್ಟೋ ಪ್ರಧಾನಿಗಳಾಗಿದ್ದಾಗ, ಪಡೆಗಳನ್ನು ಹಿಂದಕ್ಕೆ ಸರಿಸುವ ಮಾತು ಜಂಟಿ ಹೇಳಿಕೆಯಲ್ಲೇ ಬಂತು. 1992ರಲ್ಲಿ ಮತ್ತೆ ಹತ್ತಿರ ಬಂದರು. 2003ರ ನವೆಂಬರ್‌ನಲ್ಲಿ ಕದನ ವಿರಾಮ ಆಯಿತು. ಅಂದಿನಿಂದ ಹಿಮನದಿಯ ಮೇಲೆ ಫಿರಂಗಿ ಮೌನವಾಗಿವೆ. 2005ರಲ್ಲಿ ಮನಮೋಹನ್ ಸಿಂಗ್ ಅಲ್ಲಿಗೇ ಹೋಗಿ, ಇದು ಶಾಂತಿಯ ಬೆಟ್ಟವಾಗಲಿ ಅಂದರು. ಗಯಾರಿ ದುರಂತದ ನಂತರ ಪಾಕಿಸ್ತಾನದ ಸೇನಾ ಮುಖ್ಯಸ್ಥ ಜನರಲ್ ಕಯಾನಿ ಕೂಡ ಜಗಳ ಬಗೆಹರಿಯಬೇಕು ಅಂದರು.

ಎಲ್ಲ ಸಲವೂ ಮಾತು ಒಂದೇ ಕಡೆ ಮುರಿಯಿತು. ಭಾರತ ಹೇಳುತ್ತದೆ: ಮೊದಲು ಈಗ ಯಾರು ಎಲ್ಲಿದ್ದಾರೆ ಅಂತ ನಕಾಶೆಯಲ್ಲಿ ಗುರುತು ಹಾಕಿ ಇಬ್ಬರೂ ಸಹಿ ಮಾಡೋಣ. ಸುಮಾರು 110 ಕಿಲೋಮೀಟರ್ ಉದ್ದದ ಆ ನೆಲೆಗಳ ಸಾಲಿಗೆ ಸಹಿ ಬಿದ್ದ ಮೇಲೆ ಇಳಿಯುವ ಮಾತು. ಪಾಕಿಸ್ತಾನ ಹೇಳುತ್ತದೆ: ಸಹಿ ಮಾಡಿದರೆ ನೀವು 1984ರಲ್ಲಿ ಬಂದು ಕೂತಿದ್ದನ್ನು ನಾವು ಒಪ್ಪಿದ ಹಾಗಾಗುತ್ತದೆ. ಇಬ್ಬರ ಮಾತೂ ಅವರವರ ಜಾಗದಿಂದ ನೋಡಿದರೆ ಅರ್ಥವಾಗುತ್ತದೆ. ಆದರೆ ನಾನು ಭಾರತದ ವಾದದ ಕಡೆ ನಿಲ್ಲುತ್ತೇನೆ. ಅದಕ್ಕೆ ಕಾರಣ ದೇಶಾಭಿಮಾನ ಒಂದೇ ಅಲ್ಲ, ಕಾರ್ಗಿಲ್. ಅಲ್ಲಿ ಚಳಿಗಾಲಕ್ಕೆ ಎತ್ತರದ ಪೋಸ್ಟ್‌ಗಳನ್ನು ಖಾಲಿ ಮಾಡಿ, ಹಿಮ ಕರಗಿದ ಮೇಲೆ ವಾಪಸ್ ಹೋಗುವುದು ರೂಢಿಯಾಗಿತ್ತು. 1999ರಲ್ಲಿ ವಾಪಸ್ ಹೋಗುವಷ್ಟರಲ್ಲಿ ಅಲ್ಲಿ ಬೇರೆಯವರಿದ್ದರು. ಅವರನ್ನು ಇಳಿಸಲು 500ಕ್ಕೂ ಜಾಸ್ತಿ ಯೋಧರು ಪ್ರಾಣ ಕೊಟ್ಟರು. ಕಾರ್ಗಿಲ್‌ನ ಆ ತುದಿಗಳು ಹೆಚ್ಚಿನವು 16,000ದಿಂದ 18,000 ಅಡಿ. ಸಾಲ್ಟೊರೊ ಅದಕ್ಕಿಂತ ಎತ್ತರ, ಮೇಲಾಗಿ ಪೂರ್ತಿ ಮಂಜು. ಅಲ್ಲಿಂದ ಇಳಿದು, ನಾಳೆ ಮಾತು ತಪ್ಪಿದರೆ ಮತ್ತೆ ಹತ್ತುತ್ತೇವೆ ಅಂತ ಹೇಳುವ ಸೇನಾಧಿಕಾರಿ ಎಲ್ಲೂ ಸಿಗಲಾರ.

ಇನ್ನೊಂದು ವಾದ ಇದೆ, ಅದನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಪಶ್ಚಿಮಕ್ಕೆ ಪಾಕಿಸ್ತಾನ, ಉತ್ತರಕ್ಕೆ ಚೀನಾದ ಕೈಲಿರುವ ಶಕ್ಸ್‌ಗಾಮ್, ಪೂರ್ವಕ್ಕೆ ಅದೇ ಚೀನಾದ ಕೈಲಿರುವ ಅಕ್ಸಾಯ್ ಚಿನ್. ಸಿಯಾಚಿನ್ ಇವುಗಳ ನಡುವೆ ಹೊಡೆದ ಬೆಣೆ, ಅದನ್ನು ತೆಗೆದರೆ ಎರಡು ಸೇನೆಗಳು ಕೈ ಕೂಡಿಸುತ್ತವೆ ಅಂತ ಟೀವಿಯಲ್ಲಿ ದಿನಾ ಕೇಳುತ್ತೇವೆ. ನಕಾಶೆಯ ಮೇಲೆ ಅದು ಹಾಗೇ ಕಾಣುತ್ತದೆ. ಆದರೆ ನಕಾಶೆ ಮಟ್ಟಸ, ನೆಲ ಮಟ್ಟಸ ಅಲ್ಲ. ಇಂದಿರಾ ಕೋಲ್‌ನ ಉತ್ತರಕ್ಕೆ ಶಕ್ಸ್‌ಗಾಮ್ ಕಡೆ ಕಡಿದಾದ ಮಂಜಿನ ಪ್ರಪಾತ ಇದೆ. ಆ ದಾರಿಯಲ್ಲಿ ಟ್ಯಾಂಕು, ಲಾರಿ ಇಳಿಸುವುದು ಯಾವ ದೇಶಕ್ಕೂ ಸುಲಭವಲ್ಲ. ಪೂರ್ವದ ಭಾರತದ ಗಡಿ ನೆಲೆ ದೌಲತ್ ಬೇಗ್ ಓಲ್ಡಿ ಕಡೆ ಅಪಾಯ ನಿಜ. 2020ರಲ್ಲಿ ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೇನೆಯ ಜೊತೆ ನಡೆದ ಘರ್ಷಣೆಯ ನಂತರ ಅದನ್ನು ಯಾರೂ ಅಲ್ಲಗಳೆಯಲಾರರು. ಇತ್ತೀಚೆಗೆ ಚೀನಾ ಶಕ್ಸ್‌ಗಾಮ್‌ನಲ್ಲೂ ರಸ್ತೆ ಮಾಡುತ್ತಿದೆ. ಹಾಗಾಗಿ ಈ ವಾದ ನಾಳೆ ಗಟ್ಟಿಯಾಗಬಹುದು. ಆದರೆ 1984ರಿಂದ ಇಲ್ಲಿಯವರೆಗೆ ಭಾರತವನ್ನು ಏಣಿನ ಮೇಲೆ ಹಿಡಿದಿಟ್ಟಿದ್ದು ಬೆಣೆ ಅಲ್ಲ, ಇಳಿದರೆ ಮತ್ತೆ ಹತ್ತಲಾಗದು ಅನ್ನುವ ಸರಳ ಸತ್ಯ.

ಮಾತಿಗೆ ಕೂರುವ ಸ್ಥಿತಿಯೂ ಈಗಿಲ್ಲ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಮರುದಿನ ಭಾರತ ಸಿಂಧು ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಅದರ ಮರುದಿನ ಪಾಕಿಸ್ತಾನ, ಶಿಮ್ಲಾ ಸೇರಿದಂತೆ ಒಪ್ಪಂದಗಳನ್ನು ತಡೆಹಿಡಿಯುವ ಹಕ್ಕು ತನಗಿದೆ ಅಂದಿತು. ಎನ್‌ಜೆ 9842ರವರೆಗೆ ರೇಖೆ ಎಳೆಯಲು ದಾರಿ ಮಾಡಿದ್ದ ಕಾಗದವೇ ಈಗ ಅಲುಗಾಡುತ್ತಿದೆ. ಅದರಾಚೆಯ, ಬರೆಯದೆ ಬಿಟ್ಟ ದಿಕ್ಕಿನ ಮಾತನ್ನು ಸದ್ಯಕ್ಕೆ ಯಾರೂ ಎತ್ತಲಾರರು.

ಅವ್ವನಿಗೆ ಇದನ್ನೆಲ್ಲ ಒಂದು ಸಲ ಹೇಳಿದೆ. ಹೊಲ ಇಲ್ಲ, ಆದರೆ ಬದು ಇದೆ, ಬದುವಿಗೆ ಕಲ್ಲು ನೆಟ್ಟಿಲ್ಲ, ಕಲ್ಲಿನ ಬದಲು ಹುಡುಗರನ್ನು ನಿಲ್ಲಿಸಿದ್ದಾರೆ ಅಂದೆ. ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, 'ಕಲ್ಲಿಗೆ ಚಳಿ ಆಗೂದಿಲ್ಲ' ಅಂದಳು.

2022ರ ಆಗಸ್ಟ್‌ನಲ್ಲಿ ಹಿಮ ಕರಗುತ್ತಿದ್ದ ಒಂದು ಹಳೆಯ ಬಂಕರ್‌ನಲ್ಲಿ ಒಬ್ಬ ಯೋಧನ ಅವಶೇಷ ಸಿಕ್ಕಿತು. ಜೊತೆಗೆ ಸೇನೆಯ ಸಂಖ್ಯೆ ಕೊರೆದ ಲೋಹದ ಬಿಲ್ಲೆ. 19ನೇ ಕುಮಾವ್‌ನವರು, ಉತ್ತರಾಖಂಡದವರು. 1984ರ ಮೇ ತಿಂಗಳಲ್ಲಿ, ಮೇಘದೂತ್ ಶುರುವಾದ ಕೆಲವೇ ವಾರಗಳಲ್ಲಿ, ಬಿಂದು 5965 ಅನ್ನುವ ಎತ್ತರದ ಜಾಗ ಹಿಡಿಯಲು ಹೊರಟ ತಂಡ ರಾತ್ರಿ ತಂಗಿದ್ದಾಗ ಹಿಮ ಕುಸಿದು ಕಾಣೆಯಾಗಿದ್ದರು. ಆಗ ಮನೆಯಲ್ಲಿ ಇಬ್ಬರು ಚಿಕ್ಕ ಹೆಣ್ಣುಮಕ್ಕಳು. 38 ವರ್ಷದ ಮೇಲೆ ಅಪ್ಪನ ದೇಹ ಹಲ್ದ್ವಾನಿಗೆ ಬಂದಾಗ ಆ ಮಕ್ಕಳು ನಡುವಯಸ್ಸು ಮುಟ್ಟಿದ್ದರು. ಅವರ ತಂಡ ಹತ್ತಲು ಹೊರಟಿದ್ದ ಸಾಲ್ಟೊರೊ ಏಣಿನ ಮೇಲೆ ಆ ದಿನವೂ ಕಾವಲಿತ್ತು.